ಅರ್ಧಕ್ಕೆ ನಿಂತ ಕ್ಷೌರ

ಹಾಲಗೊಂಡಿಯ ವಿರಕ್ತಮಠ ದೊಡ್ಡದೇನಲ್ಲ. ಮಣ್ಣಿನ ಮಾಳಿಗೆಯ ನಾಲ್ಕು ಅಂಕಣ, ಹಿತ್ತಲಲ್ಲೊಂದು ಬಾವಿ, ಬಾವಿಯ ಮಗ್ಗುಲಿಗೆ ಬೇವಿನ ಮರ, ಮರದ ಬುಡದಲ್ಲಿ ಒಂದು ಅಗಲವಾದ ಬಂಡೆಗಲ್ಲು. ಪೂಜ್ಯ ಶ್ರೀ ಗಿರಿಮಲ್ಲ ಅಪ್ಪಗಳು ತಮ್ಮ ಜೀವಮಾನದ ಬಹುಪಾಲನ್ನು ಆ ಬಂಡೆಯ ಮೇಲೆಯೇ ಕಳೆದರೆಂದರೆ ತಪ್ಪಾಗಲಾರದು. ದಾಸೋಹದ ಜೋಳವನ್ನು ಅಲ್ಲಿ ಕುಳಿತೇ ಹಸನು ಮಾಡುತ್ತಿದ್ದರು, ಬಂದವರ ಕಷ್ಟಸುಖವನ್ನು ಅಲ್ಲಿಯೇ ಕೇಳುತ್ತಿದ್ದರು. ಭಕ್ತರು ಸೇರಿ ಬೆಳ್ಳಿಯ ಪೀಠ ಮಾಡಿಸಿಕೊಡುತ್ತೇವೆಂದು ಬಂದಾಗ, “ಅದರ ಮ್ಯಾಲೆ ಕುಂತು ಜೋಳ ಹಸನು ಮಾಡಾಕ ಬರ್ತೈತೇನು?” ಎಂದು ಕೇಳಿ, ಮಜ್ಜಿಗೆ ಕುಡಿಸಿ ಕಳಿಸಿದರಂತೆ.

ಅಪ್ಪಗಳ ಪವಾಡಗಳನ್ನು ಹೇಳಿರೆಂದು ನನ್ನ ಬಳಿ ಬರುವವರು ಬಹಳ. ಅವರಿಗೆ ನಾನು ಹೇಳುವುದು ಇದೊಂದು ಪ್ರಸಂಗವನ್ನೇ. ಇದರಲ್ಲಿ ಎಣ್ಣೆಯಿಲ್ಲದೆ ದೀಪ ಉರಿಯುವುದಿಲ್ಲ, ಬತ್ತಿದ ಬಾವಿ ತುಂಬುವುದಿಲ್ಲ. ಕೆಲವರು ನಡುವೆಯೇ ಕೊಡವಿಕೊಂಡು ಎದ್ದು ಹೋಗುತ್ತಾರೆ. ಹೋಗಲಿ ಪಾಪ. ಇದನ್ನು ನನಗೆ ಹೇಳಿದವರು ಊರ ಹಿರಿಯರಾದ ಚನ್ನನಗೌಡರು. ತಮ್ಮ ಬಾಯಿಂದಲೇ, ಏನನ್ನೂ ಮುಚ್ಚಿಡದೆ ಹೇಳಿದರು.

ಗೌಡರಿಗೆ ಇದ್ದವನು ಒಬ್ಬನೇ ಮಗ, ಪರ್ವತಗೌಡ. ಹದಿನೆಂಟು ತುಂಬಿತ್ತು. ಒಂದು ದಿನ ಅವನು ಹಡಪದ ಬಾಳಪ್ಪನ ಕ್ಷೌರದಂಗಡಿಯಲ್ಲಿ ಕುಳಿತಿದ್ದಾಗ ಬಾಳಪ್ಪನ ಮಗ ಕಳಕಪ್ಪನಿಗೂ ಅವನಿಗೂ ಮಾತಿಗೆ ಮಾತು ಬೆಳೆಯಿತು. ಪರ್ವತಗೌಡ ಕಳಕಪ್ಪನ ತಂದೆಯನ್ನು ಹಿಡಿದು ಆಡಬಾರದ ಒಂದು ಮಾತು ಆಡಿದ. ಆ ಮಾತನ್ನು ಇಲ್ಲಿ ಬರೆಯುವುದಿಲ್ಲ. ಅದೆಷ್ಟೇ ಹೊಲಸು ಮಾತಾದರೂ ಒಂದು ಪ್ರಾಣಕ್ಕೆ ಸಮ ಆದೀತೇ? ಕಳಕಪ್ಪನಿಗೆ ಆಗ ಹದಿನಾರು ವರ್ಷ. ಕೈಯಲ್ಲಿ ಕತ್ತಿ ಇತ್ತು, ಬೀಸಿಬಿಟ್ಟ. ಕುತ್ತಿಗೆಗೆ ಬಿದ್ದ ಏಟು. ಆಸ್ಪತ್ರೆಯ ದಾರಿಯಲ್ಲೇ ಗೌಡರ ಮನೆಯ ದೀಪ ಆರಿತು.

ವಯಸ್ಸು ಚಿಕ್ಕದೆಂದು ನ್ಯಾಯಾಲಯವು ಕಳಕಪ್ಪನನ್ನು ಜೈಲಿಗೆ ಹಾಕದೆ ಸರ್ಕಾರದ ಸುಧಾರಣಾ ಮಂದಿರಕ್ಕೆ ಕಳಿಸಿತು. ಅಲ್ಲಿ ಅವನಿಗೆ ಓದು ಕಲಿಸಿದರು, ಬಡಿಗತನ ಕಲಿಸಿದರು. ಅವನು ಅಲ್ಲಿದ್ದಾಗಲೇ ಬಾಳಪ್ಪ ಕೊರಗಿ ಕೊರಗಿ ತೀರಿಕೊಂಡ. ಮೂರು ವರ್ಷ ಕಳೆದು ಕಳಕಪ್ಪ ಊರಿಗೆ ಮರಳಿದಾಗ ತಾಯಿ ಶಾಂತವ್ವನ ಹೊರತು ಯಾರೂ ಅವನ ಮುಖ ನೋಡಲಿಲ್ಲ. ಅಂಗಡಿಯ ಬಾಗಿಲು ತೆರೆದ. ಒಂದು ನರಪಿಳ್ಳೆಯೂ ಒಳಗೆ ಕಾಲಿಡಲಿಲ್ಲ. ಆ ಕತ್ತಿಯ ಕೆಳಗೆ ಕುತ್ತಿಗೆ ಕೊಡುವವರು ಯಾರು?

ಹಾಲಗೊಂಡಿಯ ಮಠದಲ್ಲಿ ಹಿಂದಿನಿಂದ ನಡೆದುಬಂದ ಒಂದು ಪದ್ಧತಿಯಿತ್ತು. ಸ್ವಾಮಿಗಳವರ ಕ್ಷೌರದ ಸೇವೆ ಬಾಳಪ್ಪನ ಮನೆತನದ್ದು. ಒಮ್ಮೆ ತಲೆಗೆ ಕತ್ತಿ ಹಚ್ಚಿದವನೇ ಅದನ್ನು ಮುಗಿಸಬೇಕು, ನಡುವೆ ಕೈ ಬದಲಾಗುವಂತಿಲ್ಲ. ಕ್ಷೌರ ಮುಗಿದು ಸ್ನಾನವಾಗುವವರೆಗೆ ಲಿಂಗಪೂಜೆ ಇಲ್ಲ. ಲಿಂಗಪೂಜೆ ಆಗದೆ ಗುಟುಕು ನೀರೂ ಇಲ್ಲ. ಬಾಳಪ್ಪ ತೀರಿದ ಮೇಲೆ ಪಕ್ಕದ ಊರಿನವನೊಬ್ಬ ಬಂದು ಸೇವೆ ಮಾಡಿ ಹೋಗುತ್ತಿದ್ದ. ಕಳಕಪ್ಪ ಬಂದನೆಂಬ ಸುದ್ದಿ ಕೇಳಿದ್ದೇ ತಡ, ಅಪ್ಪಗಳು ಶಾಂತವ್ವನಿಗೆ ಹೇಳಿ ಕಳಿಸಿದರು: “ಬುಧವಾರ ನಿನ್ನ ಮಗನ್ನ ಕಳಿಸವ್ವಾ. ತಲಿಗೂದಲಾ ಬೆಳದಾವ.”

ಬುಧವಾರ ಬೆಳಿಗ್ಗೆ ಕಳಕಪ್ಪ ತಂದೆಯ ಹಡಪವನ್ನು, ಅಂದರೆ ಕ್ಷೌರದ ಸಾಮಾನಿನ ಚೀಲವನ್ನು, ಕಂಕುಳಲ್ಲಿ ಹಿಡಿದು ಬಂದ. ಸುದ್ದಿ ಊರೆಲ್ಲ ಹಬ್ಬಿತ್ತು. ಹಿತ್ತಲಲ್ಲಿ ಜನ ನೆರೆದಿದ್ದರು. ಅಪ್ಪಗಳು ಬಂಡೆಯ ಮೇಲೆ ಕುಳಿತು ತಲೆ ಬಾಗಿಸಿದರು. ಹುಡುಗ ನೀರು ಹಚ್ಚಿದ, ಕತ್ತಿ ಮಸೆದ, ಬಲಗಡೆಯಿಂದ ಶುರುಮಾಡಿದ. ಬಲಗಡೆಯ ಅರ್ಧ ತಲೆ ನುಣ್ಣಗಾಗಿ, ಅವನು ಎಡಗಡೆಗೆ ತಿರುಗುವಷ್ಟರಲ್ಲಿ ಚನ್ನನಗೌಡರು ಜನರನ್ನು ಸರಿಸಿಕೊಂಡು ಒಳಗೆ ನುಗ್ಗಿದರು.

“ಲೇ ಕೊಲೆಗಡುಕ! ಇನ್ನ ಅಪ್ಪಾರ ಕುತ್ತಿಗಿ ಒಂದು ಉಳದಿತ್ತೇನಲೇ?”

ಆ ಕೂಗಿಗೆ ಹುಡುಗನ ಕೈ ಜಾರಿತು. ಅಪ್ಪಗಳ ಎಡಗಿವಿಯ ಮೇಲ್ಗಡೆ ಸಣ್ಣಗೆ ಕೊಯ್ದು ರಕ್ತ ಇಳಿಯಿತು. ಅಯ್ಯಯ್ಯೋ ಎಂದು ಜನ ಬಾಯಿ ಮಾಡಿದರು. ಕಳಕಪ್ಪ ರಕ್ತವನ್ನು ನೋಡಿದ, ಕೈಯಲ್ಲಿದ್ದ ಕತ್ತಿಯನ್ನು ನೋಡಿದ. ಕತ್ತಿಯನ್ನು ನೆಲಕ್ಕೆ ಚೆಲ್ಲಿ, ಹಡಪವನ್ನೂ ಬಿಟ್ಟು ಓಟ ಕಿತ್ತ.

ಅಪ್ಪಗಳು ಬೆರಳಿಂದ ರಕ್ತ ಒರೆಸಿಕೊಂಡು, ಅರ್ಧ ಬೋಳು ಅರ್ಧ ಕೂದಲಿನ ತಲೆಯಲ್ಲಿ ಹಾಗೆಯೇ ಕುಳಿತರು. ಒಬ್ಬಿಬ್ಬರಿಗೆ ನಗು ಬಂತಂತೆ, ತಡೆದುಕೊಂಡರಂತೆ. ಪಕ್ಕದ ಊರಿನ ಕ್ಷೌರದವನನ್ನು ಕರೆಸುತ್ತೇವೆಂದು ಮಠದವರು ಹೊರಟರು. ಅಪ್ಪಗಳು ಕೈ ಅಡ್ಡ ಮಾಡಿದರು.

“ಕೈ ಹಚ್ಚಿದಾಂವ ಮುಗಸಲಿ.”

“ಅಂವ ಇನ್ನ ಬರೂದಿಲ್ರಿ ಅಪ್ಪಾರ,” ಎಂದರು ಗೌಡರು. “ಬಂದ್ರ ನಾ ಬಿಡೂದಿಲ್ಲ. ಊರಾಗ ಇರಾಕೂ ಬಿಡೂದಿಲ್ಲ. ನನ್ನ ಮಗ ಮಣ್ಣಾಗ ಅದಾನ. ಇಂವ ಮೂರು ವರ್ಷ ಸರ್ಕಾರದ ಅನ್ನ ತಿಂದು, ಮೈ ತುಂಬಿಕೊಂಡು ಬಂದಾನ. ಇದು ಶಿಕ್ಷಾ ಏನ್ರಿ? ಸಾಲಿ ಕಲಿಯಾಕ ಕಳಿಸಿದಂಗ ಕಳಿಸಿದ್ರು! ಗಂಡಸಿನಂಗ ಕೊಂದಾನ, ಗಂಡಸಿನಂಗ ಅನುಭವಿಸಬೇಕಾಗಿತ್ತು. ಸಣ್ಣಾಂವ, ಸಣ್ಣಾಂವ ಅಂತೀರಿ ಎಲ್ಲಾರೂ. ನನ್ನ ಮಗ ಏನು ಮುದುಕ ಆಗಿದ್ನ?”

ಅಪ್ಪಗಳು ಈ ಮಾತನ್ನು ಅಲ್ಲಗಳೆಯಲಿಲ್ಲ.

“ನಿಮಗ ಅಂಜಿಕಿ ಬರಲಿಲ್ಲೇನ್ರಿ, ಅವನ ಕೈಯಾಗ ತಲಿ ಕೊಡಾಕ?” ಗೌಡರು ಕೇಳಿದರು.

“ಬಂತು,” ಎಂದರು ಅಪ್ಪಗಳು.

ಗೌಡರು ಈ ಉತ್ತರವನ್ನು ನಿರೀಕ್ಷಿಸಿರಲಿಲ್ಲ. ಸ್ವಾಮಿಗಳು ಏನಾದರೂ ಉಪದೇಶ ಮಾಡಿಯಾರು, ಕರ್ಮವೆಂದಾರು, ಕ್ಷಮೆಯೆಂದಾರು, ಅದಕ್ಕೆ ತಕ್ಕ ಜವಾಬು ಕೊಡೋಣವೆಂದು ಸೆಡವು ಕಟ್ಟಿಕೊಂಡು ಬಂದಿದ್ದರು. ಅಪ್ಪಗಳು ಅಂಥದ್ದೊಂದನ್ನೂ ಆಡಲಿಲ್ಲ. ಇಷ್ಟೇ ಹೇಳಿದರು:

“ಗೌಡ, ಅವನ್ನ ದೂರ ಓಡಿಸಿದ್ರ ಅಂವ ಮರೀತಾನ. ಹೊಸಾ ಊರು, ಹೊಸಾ ಮಂದಿ, ಯಾರಿಗೆ ಏನು ಗೊತ್ತು? ಇಲ್ಲೇ ಇದ್ರ ದಿನಾ ನಿನ್ನ ಮುಖಾ ನೋಡಬೇಕು. ಅಂವ ಬಿಡುಗಡಿ ಆಗಲಿ ಅಂತೀಯೋ, ಇರಲಿ ಅಂತೀಯೋ, ನೀನ ಹೇಳು.”

ಗೌಡರು ಮನೆಯ ಹಾದಿ ಹಿಡಿದರು.

ಗೌಡರ ಮನೆಯಲ್ಲಿ ಮಠದ ಪೂಜೆಯ ಗಂಟೆ ಕೇಳಿದ ಮೇಲೆಯೇ ಊಟದ ತಾಟು ಹಾಕುವ ರೂಢಿ. ಅವರ ತಂದೆಯ ಕಾಲದಿಂದ ಹಾಗೆಯೇ. ಅಂದು ಹೊತ್ತು ನೆತ್ತಿಗೇರಿತು, ಗಂಟೆ ಕೇಳಲಿಲ್ಲ. ನೆತ್ತಿಯಿಂದ ಇಳಿಯಿತು, ಆಗಲೂ ಇಲ್ಲ. ರೊಟ್ಟಿ ಬುಟ್ಟಿಯಲ್ಲಿ ಆರಿ ಹಪ್ಪಳವಾದವು. ಗೌಡರು ಕಟ್ಟೆಯ ಮೇಲೆ ಕುಳಿತು, ಎದ್ದು, ಮತ್ತೆ ಕುಳಿತರು. ಅವರ ಪತ್ನಿ ನೀಲವ್ವನವರು ಮಗ ಸತ್ತಂದಿನಿಂದ ಮಾತು ಕಡಿಮೆ ಮಾಡಿದ್ದರು. ಅವರು ಒಳಗಿನಿಂದ ಬಂದು ಕಂಬ ಹಿಡಿದು ನಿಂತರು.

“ಮರದ ನೆರಳು ಸರದೈತಿ, ಅಪ್ಪಾರು ಇನ್ನೂ ಬಿಸಲಾಗ ಕುಂತಾರಂತ.”

“ಯಾರು ಕುಂದರು ಅಂದಾರ ಅವರಿಗೆ?” ಗೌಡರು ರೇಗಿದರು.

“ನಮ್ಮ ಪರ್ವತನ್ನ ಮಣ್ಣು ಮಾಡಿದ ದಿನಾ ಇಲ್ಲೇ ಕುಂತಿದ್ರು, ಈ ಕಟ್ಟಿ ಮ್ಯಾಲೆ. ಅವತ್ತೂ ಉಂಡಿರಲಿಲ್ಲ. ಅವತ್ತು ಯಾರು ಹೇಳಿದ್ರು ಅವರಿಗೆ?” ಎಂದು ನೀಲವ್ವನವರು ಸೆರಗಿನಿಂದ ಕಣ್ಣೊರೆಸಿಕೊಂಡರು. “ಆ ಹುಡುಗನ ಮ್ಯಾಲೆ ನನಗೇನು ಅಂತಃಕರಣ ಇಲ್ಲ. ನನ್ನ ಹೊಟ್ಟಿ ಉರೀತೈತಿ. ಆದ್ರ ಅಪ್ಪಾರು ಉಣಬೇಕ್ರಿ.”

ಗೌಡರು ರುಮಾಲು ಸುತ್ತಿಕೊಂಡು ಹೊರಬಿದ್ದರು.

ಕಳಕಪ್ಪ ಬಸ್ ನಿಲ್ದಾಣದಲ್ಲಿದ್ದ. ಪಕ್ಕದಲ್ಲಿ ಒಂದು ಬಟ್ಟೆಯ ಗಂಟು, ತಾಯಿ ಶಾಂತವ್ವ. ಗದಗಿನ ಬಸ್ಸು ಬರುವುದಿತ್ತು. ಅಲ್ಲಿಂದ ಎಲ್ಲಿಗೆಂದು ಅವರಿಗೂ ಗೊತ್ತಿರಲಿಲ್ಲ. ಗೌಡರು ಬರುವುದನ್ನು ಕಂಡವಳೇ ಶಾಂತವ್ವ ಎದ್ದು ಮಗನ ಮುಂದೆ ಎರಡೂ ಕೈ ಚಾಚಿ ನಿಂತಳು.

“ಹೊಂಟೀವ್ರೀ ಗೌಡ್ರ. ಹೊಂಟೇ ಬಿಟ್ಟೀವಿ. ಇನ್ನ ಈ ಊರಾಗ ನಮ್ಮ ನೆರಳೂ ಬೀಳೂದಿಲ್ಲ. ಜೀವ ಒಂದು ಉಳಿಸ್ರಿ ಅವಂದು.”

“ಅತ್ತ ಸರಿ ತಂಗಿ,” ಎಂದರು ಗೌಡರು. ಹುಡುಗನ ಕಡೆ ತಿರುಗಿದರು. “ಏಳು. ಅಪ್ಪಾರು ಮುಂಜಾನಿಯಿಂದ ನೀರು ಮುಟ್ಟಿಲ್ಲ.”

ಕಳಕಪ್ಪ ಏಳಲಿಲ್ಲ. ತಲೆ ತಗ್ಗಿಸಿಯೇ, “ನನ್ನ ಕೈ ನಡಗತಾವ್ರಿ,” ಎಂದ.

“ನಡಗಲಿ. ನನ್ನವೂ ನಡಗತಾವ.” ಗೌಡರು ಗದರಿದರು. “ಒಂದು ತಿಳಕೋ. ನಾ ನಿನಗ ಮಾಫಿ ಮಾಡಿಲ್ಲ. ಮಾಡು ಅಂತ ಕೇಳಲೂ ಬ್ಯಾಡ. ಆದ್ರ ನೀ ಬಸ್ ಹತ್ತಿ ಹೋದ್ರ ಇವತ್ತಿಗೆ ಎಲ್ಲಾ ಮುಗದು ಹೋಗ್ತೈತಿ ನಿನಗ. ನನಗ ಮುಗಿಯೂದಿಲ್ಲ. ಇಬ್ಬರಿಗೂ ಮುಗಿಯೂದು ಬ್ಯಾಡ. ಇಲ್ಲೇ ಇರು. ಏಳು, ನಡಿ.”

ಬಸ್ಸು ಬಂತು, ನಿಂತಿತು, ಹೋಯಿತು. ಗೌಡರು ಮುಂದೆ, ಹುಡುಗ ಹಿಂದೆ, ಗಂಟು ಹೊತ್ತ ಶಾಂತವ್ವ ಅವನ ಹಿಂದೆ. ಹೀಗೆ ಮೂವರೂ ಊರ ನಡುವಿನಿಂದಲೇ ಮಠಕ್ಕೆ ನಡೆದರು. ಜನ ಬಾಗಿಲಲ್ಲಿ ನಿಂತು ಕಣ್ಣು ಬಾಯಿ ಬಿಟ್ಟು ನೋಡಿದರು.

ಅಪ್ಪಗಳು ಇದ್ದಲ್ಲಿಯೇ ಇದ್ದರು. ತುಟಿ ಒಣಗಿತ್ತು, ಬಿಸಿಲಿಗೆ ಬೋಳಿನ ಭಾಗ ಕೆಂಪಾಗಿತ್ತು. “ಬಂದ್ಯಾ” ಎಂದು ಮಾತ್ರ ಹೇಳಿ ತಲೆಯ ಎಡಗಡೆಯನ್ನು ಅವನತ್ತ ಬಾಗಿಸಿದರು. ಮಠದವರು ಎತ್ತಿಟ್ಟಿದ್ದ ಕತ್ತಿಯನ್ನು ಹುಡುಗನ ಕೈಗೆ ಕೊಟ್ಟರು. ನೀರಿನ ಬಟ್ಟಲು ಹಿಡಿಯುವವರು ಬೇಕಿತ್ತು. ಯಾರೋ ಮುಂದೆ ಬರಹೋದರು. ಅಷ್ಟರಲ್ಲಿ ಚನ್ನನಗೌಡರು ರುಮಾಲು ತೆಗೆದಿಟ್ಟು, ಮೊಣಕಾಲೂರಿ ಕುಳಿತು, ಬಟ್ಟಲನ್ನು ತಾವೇ ಎತ್ತಿಕೊಂಡರು. ಹುಡುಗ ಬೆರಳು ಅದ್ದಿದಾಗಲೆಲ್ಲ ಬಟ್ಟಲಿನ ನೀರು ಅಲುಗಾಡುತ್ತಿತ್ತು. ಅದು ಯಾರ ಕೈಯ ನಡುಕವೆಂದು ಹೇಳಲು ಬರುವಂತಿರಲಿಲ್ಲವೆಂದು ಗೌಡರೇ ನನಗೆ ಹೇಳಿದ್ದು.

ಗಾಯವಾದ ಜಾಗಕ್ಕೆ ಬಂದಾಗ ಕಳಕಪ್ಪ ನಿಂತುಬಿಟ್ಟ.

“ಸಾವಕಾಶ,” ಎಂದರು ಗೌಡರು.

ಅವನು ಸಾವಕಾಶವಾಗಿ ಮುಗಿಸಿದ. ಅಪ್ಪಗಳು ಬಾವಿಯ ಕಟ್ಟೆಯ ಮೇಲೆ ಸ್ನಾನ ಮಾಡಿ ಪೂಜೆಗೆ ಕುಳಿತರು. ಇಳಿಹೊತ್ತಿನಲ್ಲಿ ಮಠದ ಗಂಟೆ ಬಾರಿಸಿತು. ಮನೆಯಲ್ಲಿ ನೀಲವ್ವನವರು ಗಂಡನ ತಾಟು ಹಾಕಿದರು.

ಇಷ್ಟು ಹೇಳಿ ಗೌಡರು ಕಥೆ ಮುಗಿಸಿದರು. ಮುಂದೇನಾಯಿತೆಂದು ನಾನು ಕೇಳಿದೆ. “ಮುಂದೇನು? ಮುಂದಿನ ಬುಧವಾರ ನಾನೂ ಅವನ ಅಂಗಡಿಗೆ ಹೋಗಿ ಕುಂತೆ. ಅಂವ ದಾಡಿ ಮಾಡಿದ. ಕಣ್ಣು ಮುಚ್ಚಾಕ ಧೈರ್ಯ ಆಗಲಿಲ್ಲ ನನಗ. ಅವನೂ ನನ್ನ ಕಣ್ಣಾಗ ನೋಡಲಿಲ್ಲ,” ಎಂದರು. ಗೌಡರು ಕುಳಿತುದನ್ನು ಕಂಡ ಮೇಲೆ ಊರಿನ ಮಂದಿ ಒಬ್ಬೊಬ್ಬರಾಗಿ ಆ ಅಂಗಡಿಯ ಮೆಟ್ಟಿಲು ಹತ್ತಿದರೆಂಬುದು ನನಗೆ ಗೊತ್ತಿತ್ತು. ಹುಡುಗನಿಗೆ ಮಾಫಿ ಮಾಡಿದಿರಾ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಅಪ್ಪಗಳು ಲಿಂಗೈಕ್ಯರಾದ ಕೆಲವು ವರ್ಷಗಳ ಮೇಲೆ ಒಂದು ಮಧ್ಯಾಹ್ನ ನಾನು ಹಾಲಗೊಂಡಿಯ ಪೇಟೆಯಲ್ಲಿ ಹಾದು ಹೋಗುತ್ತಿದ್ದೆ. ಕಳಕಪ್ಪನ ಅಂಗಡಿಯ ಬಾಗಿಲು ತೆರೆದಿತ್ತು. ಚನ್ನನಗೌಡರು ಕುರ್ಚಿಯಲ್ಲಿ ತಲೆ ಹಿಂದಕ್ಕೆ ಚೆಲ್ಲಿ ಕುಳಿತಿದ್ದರು. ಅರ್ಧ ಕೆನ್ನೆಗೆ ಇನ್ನೂ ಸಾಬೂನಿನ ನೊರೆಯಿತ್ತು, ಕುತ್ತಿಗೆ ಪೂರಾ ತೆರೆದಿತ್ತು. ಕಳಕಪ್ಪ ಕತ್ತಿ ಹಿಡಿದು ಪಕ್ಕದಲ್ಲಿ ಅಲುಗಾಡದೆ ನಿಂತಿದ್ದ. ನಾನು ಗಕ್ಕನೆ ಬಾಗಿಲಲ್ಲಿ ನಿಂತೆ. ಮಾತಾಡಿಸಲು ಬಾಯಿ ತೆರೆದೆ. ಅವನು ತುಟಿಯ ಮೇಲೆ ಬೆರಳಿಟ್ಟು, ಸದ್ದು ಮಾಡಬೇಡಿರೆಂದು ಸನ್ನೆ ಮಾಡಿದ.

ಗೌಡರು ನಿದ್ದೆ ಹೋಗಿದ್ದರು.