ಷಡ್ಡಕರ ಫೋನು

ತಿಪಟೂರಿನ ಒಂದು ಮೊಬೈಲ್ ಅಂಗಡಿಗೆ ನಿವೃತ್ತ ಸಬ್‌ರಿಜಿಸ್ಟ್ರಾರ್ ಪುಟ್ಟಸ್ವಾಮಯ್ಯನವರು ನಾಲ್ಕನೆಯ ದಿನವೂ ಬಂದರು. ಮತ್ತೆ ಅದೇ ಕರಿ ಫೋನು, ಅದೇ ನೀಲಿ ಫೋನು ತೆಗೆಸಿದರು. ಎರಡಕ್ಕೂ ಬೆಲೆ ಹೆಚ್ಚುಕಮ್ಮಿ ಒಂದೇ, ಕ್ಯಾಮೆರಾ, ಬ್ಯಾಟರಿಯೂ ಹಾಗೇ.

"ಯಾವುದು ಮೇಲು ಅಂತ ಬರೆದು ಸಹಿ ಹಾಕಿಕೊಡಮ್ಮ. ನಾಳೆ ತಪ್ಪಾದರೆ ನೀನೇ ಹೊಣೆ," ಎಂದರು ಸೇಲ್ಸ್ ಹುಡುಗಿಗೆ.

ಈ ಗಿರಾಕಿ ಇವತ್ತೂ ಬರಿಗೈಲಿ ಹೋದರೆ ನಾಳೆಯಿಂದ ನೀನು ಬರಬೇಡ ಎಂದು ಮಾಲೀಕ ಬೆಳಿಗ್ಗೆಯೇ ಹೇಳಿದ್ದ.

ಹುಡುಗಿ ಪೆನ್ನು ತೆಗೆದಳು. ನಾಲ್ಕು ದಿನದಿಂದ ಇವರು ನಾದಿನಿಯ ಗಂಡನ ಮಾತನ್ನೇ ಎತ್ತುತ್ತಿದ್ದುದು ಅವಳ ಕಿವಿಗೆ ಬಿದ್ದಿತ್ತು.

"ಬರೀತೀನಿ ಸಾರ್. ನಿಮ್ಮ ಷಡ್ಡಕರ ಹತ್ತಿರ ಯಾವುದಿದೆ?"

"ಕರಿಯದು. ಹೋದ ತಿಂಗಳು ತಗೊಂಡ. ಮನೆಗೆ ಬಂದಾಗೆಲ್ಲ ಅದರದೇ ವರ್ಣನೆ."

ಹುಡುಗಿ 'ನೀಲಿಯೇ ಮೇಲು' ಎಂದು ಬರೆದಳು. ಸಹಿ ಹಾಕಿ, ತಾರೀಖು ಬರೆದು, ಅಂಗಡಿಯ ಸೀಲು ಒತ್ತಿದಳು.

"ಕಾರಣ?"

"ಕರಿಯದು ತಗೊಂಡರೆ ಅವರನ್ನು ನೋಡಿ ತಗೊಂಡ ಹಾಗಾಗುತ್ತೆ ಸಾರ್."

ಪುಟ್ಟಸ್ವಾಮಯ್ಯನವರು ಸೀಲನ್ನು ಬೆಳಕಿಗೆ ಹಿಡಿದು ನೋಡಿದರು. ಚೀಟಿಯನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟರು. ದುಡ್ಡು ಎಣಿಸಿಕೊಟ್ಟು ನೀಲಿ ಫೋನು ತಗೊಂಡು ಹೋದರು.

ಮರುವಾರ ಷಡ್ಡಕರು ಅಂಗಡಿಗೆ ಬಂದರು. ಮುಖ ಗಂಟಿಕ್ಕಿಕೊಂಡಿತ್ತು.

"ಕರಿಯದೇ ಮೇಲು ಅಂತ ನನಗೂ ಬರೆದುಕೊಡಮ್ಮ. ಸೀಲು ಇರಲೇಬೇಕು."

"ಆಗಲಿ ಸಾರ್," ಎಂದಳು ಹುಡುಗಿ. "ಆದರೆ ನಿನ್ನೆ ಒಂದು ಹೊಸ ಮಾಡೆಲ್ ಬಂದಿದೆ. ನಿಮ್ಮ ಷಡ್ಡಕರಿಗೆ ಇನ್ನೂ ಗೊತ್ತಿಲ್ಲ."

ಷಡ್ಡಕರು ಕುರ್ಚಿ ಎಳೆದುಕೊಂಡು ಕೂತರು.