ಹುತ್ತಕ್ಕೆ ಇಳಿದ ಹೆಗ್ಗಣರಾಯರು

"ಹೋಗ್ಲೇಬೇಕು ಕಣೇ! ಹಾವು ಹಾಲು ಕುಡಿಯುತ್ತೆ ಅಂತ ಊರೆಲ್ಲ ಹೇಳುತ್ತೆ, ಕಣ್ಣಾರೆ ನೋಡಿದೋರು ಒಬ್ರೂ ಇಲ್ಲ," ಅಂತ ಹೆಂಡತಿಗೆ ಗೊಣಗಿ, ನಾಗರಪಂಚಮಿ ದಿನ ಹೆಗ್ಗಣರಾಯರು ಹುತ್ತಕ್ಕೆ ಇಳಿದೇಬಿಟ್ಟರು.

ಒಳಗೆ ನಾಗಪ್ಪ ಹೆಡೆ ಎತ್ತಿದ. "ಏನು ಬಂದದ್ದು?"

"ತಾವು ಹಾಲು ಕುಡಿಯೋದು ನಿಜವಾ, ಸ್ವಾಮಿ?"

"ಸುಳ್ಳು. ನಾನು ಹೆಗ್ಗಣ ತಿನ್ನೋನು."

ಅಷ್ಟರಲ್ಲಿ ಮೇಲಿಂದ ಯಾರೋ ಭಕ್ತರು ಒಂದು ಚೊಂಬು ಹಾಲು ಸುರಿದರು. ನಾಗಪ್ಪನಿಗೆ ಕಣ್ಣೇ ಕಾಣಲಿಲ್ಲ. ರಾಯರು ಬದುಕಿದೆಯಾ ಬಡಜೀವ ಅಂತ ಓಡಿದರು.

ಮನೆಗೆ ಬಂದವರೇ ಎದೆ ಉಬ್ಬಿಸಿ, "ಹಾವಿನ ಬಾಯಿಂದಲೇ ಕೇಳ್ಕೊಂಡು ಬಂದೆ ಕಣೇ, ಅದು ಹಾಲು ಕುಡಿಯಲ್ವಂತೆ!" ಅಂದರು.

ಹೆಂಡತಿ ಅವರ ಒದ್ದೆ ಮೈ ಮೂಸಿ ನೋಡಿದಳು. "ಅದು ಕುಡೀದಿದ್ರೆ ಬಿಡಿ, ನಮ್ಮ ಮಕ್ಕಳು ಕುಡೀತಾರೆ. ಅಲ್ಲಾಡದೆ ನಿಂತ್ಕೊಳ್ಳಿ, ನೆಕ್ಕಲಿ."