ಅವ್ವ ಕೊಟ್ಟ ಕುಳ್ಳ ಆಲದ ಮರ

ಒಂದಾನೊಂದು ಕಾಲದಲ್ಲಿ, ನಿನ್ನಂಗೇ ಬಾಚಣಿಗೆ ಕಂಡ್ರೆ ಮಂಚದ ಕೆಳಗೆ ಸೇರ್ಕೊಳ್ಳೋ ಹುಡುಗಿ ಒಬ್ಳಿದ್ಲಂತೆ ಕಣೇ ಚಿನ್ನಿ, ನೀಲಮ್ಮಣ್ಣಿ ಅಂತ. ದೊಡ್ಡೋಳಾಗಿ ರಾಣಿ ಆದ್ಲಂತೆ. ಗಂಡನ ಮನೆಗೆ ಹೊರಟಾಗ ಅವರವ್ವ ಕಲ್ಲಿನ ಬೋಗುಣೀಲಿ ಮೊಳದುದ್ದದ ಕುಳ್ಳ ಆಲದ ಮರ ಕೊಟ್ಟು, ಇದು ಒಣಗಿದ್ರೆ ನೀನು ನನ್ನ ಮರೆತೆ ಅಂತ ತಿಳ್ಕೋತೀನಿ, ಮತ್ತೆ ನಿನ್ನ ಹೊಸ್ತಿಲು ತುಳಿಯಲ್ಲ ಅಂದ್ಲಂತೆ. ಅಷ್ಟು ಖಡಕ್ಕು ಮುದುಕಿ!

ಆಮೇಲೆ ರಾಣಿಗೆ ದರ್ಬಾರು, ಯುದ್ಧ, ಪಂಚಾಯ್ತಿ ಅಂತ ಉಸಿರಾಡೋಕೂ ಪುರುಸೊತ್ತಿಲ್ಲ, ಮರ ಉಪ್ಪರಿಗೆ ಮೂಲೇಲಿ ಹಾಗೇ ಬಿದ್ದಿತ್ತಂತೆ. ಒಂದಿನ ಅವ್ವ ಯುಗಾದಿಗೆ ಬರ್ತೀನಿ ಅಂತ ಹೇಳಿ ಕಳಿಸಿದ್ಲಂತೆ. ರಾಣಿ ಓಡಿಹೋಗಿ ನೋಡ್ತಾಳೆ, ಒಂದೆಲೆ ಇಲ್ಲ! ಶತ್ರು ಸೈನ್ಯಕ್ಕೂ ಹೆದರದೋಳು, ಅವ್ವ ಇನ್ನು ಬರಲ್ವಲ್ಲಪ್ಪಾ ಅಂತ ಗೊಳೋ ಅಂತ ಅತ್ತುಬಿಟ್ಲಂತೆ.

ಆಮೇಲೆ ಮಂತ್ರಿ ಬಂದು ಕೊಂಬೆಗೆಲ್ಲ ಹಸಿರು ರೇಷ್ಮೆ ಎಲೆ ಕಟ್ಟಿಸಿದ್ನಂತೆ. ಥೂ, ನಮ್ಮವ್ವನ ಕಣ್ಣಿಗೆ ಮಣ್ಣೆರಚ್ತೀಯೇನಯ್ಯಾ ಅಂತ ರಾಣಿ ಕಿತ್ತೆಸೆದ್ಲಂತೆ. ಆಮೇಲೆ ಅಡುಗೆಯೋಳು ಬಂದು ಕೊಡಗಟ್ಲೆ ಹಾಲು ಸುರಿದ್ಲಂತೆ. ಅದು ಒಂದು ತೊಟ್ಟೂ ಒಳಗಿಳೀದೆ ಹರಿದುಹೋಗಿ, ಅರಮನೆ ಬೆಕ್ಕುಗಳಿಗೆಲ್ಲ ಹಬ್ಬವೋ ಹಬ್ಬ.

ಯಾಕಪ್ಪಾ ಇಳೀಲಿಲ್ಲ ಅಂತ ರಾಣೀನೇ ಮರಾನ ಬೋಗುಣಿಯಿಂದ ಎತ್ತಿದ್ಲಂತೆ. ನೋಡಿದ್ರೆ ಮಣ್ಣೇ ಇಲ್ಲ, ಬರೀ ಬೇರು, ಸುತ್ತಿ ಸುತ್ತಿ ಗಂಟು ಗಂಟು, ಥೇಟ್ ನಿನ್ನ ತಲೆ! ಅಯ್ಯೋ, ನಿನ್ನ ಯಾರೂ ಬಾಚ್ಲೇ ಇಲ್ವೇನೇ ಅಂದವಳೇ, ನೆಲದ ಮೇಲೆ ಕೂತು, ಚಿಕ್ಕೋಳಿದ್ದಾಗ ತಲೆ ಬಾಚೋಕೆ ಅವ್ವ ತನ್ನ ಕೂರಿಸ್ಕೋತಿದ್ದ ಹಾಗೆ ಮರಾನ ಮೊಣಕಾಲ ಮಧ್ಯ ಇಟ್ಕೊಂಡು, ತನ್ನ ದಂತದ ಬಾಚಣಿಗೇಲಿ ತುದಿಯಿಂದ ಮೆಲ್ಲಗೆ ಸಿಕ್ಕು ಬಿಡಿಸಿದ್ಲಂತೆ. ಕೊಳೆತ ಬೇರು, ಅತಿ ಉದ್ದದ ಬೇರು ಕಚಕ್ ಅಂತ ಕತ್ತರಿಸಿದ್ಲಂತೆ. ಕೊಂದ್ಬಿಟ್ರಲ್ಲಾ ತಾಯೀ ಅಂತ ದಾಸಿಯರು ಕಿರುಚಿದ್ರೂ ಕೈ ನಿಲ್ಲಿಸ್ಲಿಲ್ಲ. ಆಮೇಲೆ ಕೆಮ್ಮಣ್ಣು, ಮರಳು, ಹಳೇ ಗೊಬ್ಬರ ಕಲಸಿ ಅದೇ ಬೋಗುಣೀಲಿ ನೆಟ್ಟು, ನೀರು ಹಾಕಿ ನೆರಳಲ್ಲಿಟ್ಟು, ದಿನಾ ಬೆಳಗ್ಗೆ ಎದ್ದು ನೋಡ್ತಿದ್ಲಂತೆ. ಹಬ್ಬದ ಹಿಂದಿನ ದಿನದವರೆಗೂ ಏನೂ ಇಲ್ಲ.

ಯುಗಾದಿ ಬಂತು, ಹಬ್ಬದ ಗಡಿಬಿಡೀಲಿ ರಾಣಿ ಮರ ನೋಡೋ ಮೊದ್ಲೇ ಅವ್ವನ ಪಲ್ಲಕ್ಕಿ ಬಂತು. ಅವ್ವ ಹೊಸ್ತಿಲಾಚೆನೇ ನಿಂತು, ಎಲ್ಲೇ ನನ್ನ ಮರ ಅಂದ್ಲಂತೆ. ರಾಣಿ ಕಣ್ಣೀರು ನುಂಗ್ಕೊಂಡು, ತಲೆ ತಗ್ಗಿಸಿ ಬೋಗುಣಿ ಹಿಡಿದು ಬಂದ್ಲಂತೆ. ಅವ್ವ ಬಗ್ಗಿ, ಕೊಂಬೆ ಸಂದೀಲಿ ಬೆರಳಿಟ್ಟು, ಇದೇನೇ ಇದು ಅಂದ್ಲಂತೆ. ಕೆಂಪಗೆ, ಭತ್ತದ ಕಾಳಷ್ಟು ಚಿಗುರು! ಒಂದಲ್ಲ, ಕೊಂಬೆ ಕೊಂಬೆಗೂ! ಅರಮನೆ ತುಂಬ ಕೇಕೆ, ನಗಾರಿ! ಅವ್ವ ನಗ್ತಾ ಬಲಗಾಲಿಟ್ಟು ಒಳಗೆ ಬಂದ್ಲಂತೆ.

ಬಂದವಳೇ ಮಗಳ ಕಿರೀಟ ತೆಗೆದು ನೋಡ್ತಾಳೆ, ಅಯ್ಯೋ ರಾಮ, ಅಲ್ಲೂ ಗಂಟು ಗಂಟು! ಮರಕ್ಕೆ ಬಾಚಿದ್ದೀಯ, ನಿನಗ್ಯಾರು ಬಾಚ್ಬೇಕೇ, ಕೂತ್ಕೋ ಅಂತ ಗದರಿ, ದರ್ಬಾರಿನೋರೆಲ್ಲರ ಎದುರೇ ಮೊಣಕಾಲ ಮಧ್ಯ ಕೂರಿಸ್ಕೊಂಡ್ಲಂತೆ. ರಾಣಿ ಈ ಸಲ ಮಂಚದ ಕೆಳಗೆ ಓಡ್ಲಿಲ್ಲ.

ಕತೆ ಮುಗೀತು, ಕಣ್ಮುಚ್ಚು. ಬೆಳಗ್ಗೆ ನಾನು ಬಾಚಣಿಗೆ ತಂದಾಗ ನೀನೂ ಓಡ್ಬೇಡ, ತಿಳೀತಾ?